ತಳದಲ್ಲಿ ಬರೆದ ತಾರೀಖು

ಬಲ್ಬು ಒಮ್ಮೆ ಕೆಂಪಗಾಗಿ ಆರಿಹೋಯಿತು.

"ನೋಡಿಕೋ," ಎಂದರು ಮೇಡಂ. "ಬರೀ ಮೀಟರ್ ಹಿಡಿದರೆ ಹನ್ನೆರಡೂವರೆ ವೋಲ್ಟ್. ಬಲ್ಬಿನ ಹೊರೆ ಹೊರಿಸಿದ ತಕ್ಷಣ ಏಳು. ದಿನವಿಡೀ ಚಾರ್ಜ್ ಮಾಡಿದ ಮೇಲೂ ಹೀಗೆ!"

ಮೇಜಿನ ಮೇಲಿದ್ದದ್ದು ಬೈಂಡಿಂಗ್ ಕಾರ್ಖಾನೆಯ ಬೆಂಕಿ ಅಲಾರಂ ಪೆಟ್ಟಿಗೆಯಿಂದ ತಂದ ಎರಡು ಬ್ಯಾಟರಿಗಳು. ಕರೆಂಟು ಹೋದಾಗ ಅಲಾರಂ ಬದುಕುವುದು ಇವುಗಳ ಮೇಲೆ. ಹತ್ತೊಂಬತ್ತನೇ ತಾರೀಖು ಮಧ್ಯಾಹ್ನ ಎರಡಕ್ಕೆ ನೆಲಮಾಳಿಗೆಯ ಸ್ವಿಚ್‌ಬೋರ್ಡಿಗೆ ಬೆಂಕಿ ಬಿತ್ತು, ಕರೆಂಟು ಹೋಯಿತು, ಬೆಲ್ ಮಾತ್ರ ಹೊಡೆಯಲಿಲ್ಲ. ಮೂರನೇ ಮಹಡಿಯಲ್ಲಿ ಪುಸ್ತಕ ಹೊಲಿಯುತ್ತಿದ್ದ ಹೆಂಗಸರಿಗೆ ಹೊಗೆ ಮೂಗಿಗೆ ಬಡಿದಾಗಲೇ ವಿಷಯ ತಿಳಿದದ್ದು. ಯಾರೂ ಸಾಯಲಿಲ್ಲ. ಒಬ್ಬಾಕೆ ಮಾತ್ರ ಶ್ವಾಸಕೋಶ ತುಂಬ ಹೊಗೆ ಕುಡಿದು ಆಸ್ಪತ್ರೆಯಲ್ಲಿದ್ದಳು.

ಮೇಡಂ ಅಗ್ನಿಶಾಮಕ ದಳದಲ್ಲಿ ಮೂವತ್ತು ವರ್ಷ ದುಡಿದವರು. ಈಗ ವಿಮಾ ಕಂಪನಿಗಳಿಗಾಗಿ ಬೆಂಕಿಯ ಕಾರಣ ಹುಡುಕುತ್ತಾರೆ. ಬೆನ್ನ ಹಿಂದೆ ಜನ ಅವರನ್ನು 'ಹೊಗೆಯಮ್ಮ' ಅನ್ನುತ್ತಾರೆ. ಎದುರಿಗೆ ಅನ್ನುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ. ನಾನು ಅವರ ಸಹಾಯಕ. ಚೀಲ ಹೊರುವುದು, ಬರೆದುಕೊಳ್ಳುವುದು, ಬೈಸಿಕೊಳ್ಳುವುದು ನನ್ನ ಕೆಲಸ.

ಮೊದಲು ಬಂದವನು ಅಲಾರಂ ಟೆಕ್ನಿಷಿಯನ್. ಎರಡು ದಿನದಿಂದ ಗಡ್ಡ ಬೋಳಿಸಿರಲಿಲ್ಲ.

"ಮೂರನೇ ತಾರೀಖು ಹೊಸ ಬ್ಯಾಟರಿ ಹಾಕ್ದೆ ಮೇಡಂ. ಮೇನ್ ಸ್ವಿಚ್ ಆಫ್ ಮಾಡಿ, ಅರ್ಧ ಗಂಟೆ ಬ್ಯಾಟರಿ ಮೇಲೇ ಓಡ್ಸಿ, ಐದು ನಿಮಿಷ ಬೆಲ್ ಹೊಡ್ಸಿ ನೋಡ್ದೆ."

"ಸಾಕ್ಷಿ?"

"ನಾನು ಹಾಕಿದ ಬ್ಯಾಟರಿ ತಳದಲ್ಲಿ ತಾರೀಖು ಬರ್ದಿರ್ತೀನಿ. ಮೇಲೆ ಬರೆದ್ರೆ ಅಳಿಸಿಹೋಗುತ್ತೆ."

ಮೇಡಂ ಎರಡನ್ನೂ ಬೋರಲು ಹಾಕಿದರು. ತಳ ಖಾಲಿ.

ಅವನ ಮುಖ ಬಿಳಿಚಿಕೊಂಡಿತು. "ಇವು ನನ್ನವಲ್ಲ ಮೇಡಂ! ಲೈಸೆನ್ಸ್ ಹೋದ್ರೆ ಹೋಗ್ಲಿ, ಬೇರೆ ಏನಾದ್ರೂ ಮಾಡ್ಕೊಂಡು ತಿಂತೀನಿ. ಆಸ್ಪತ್ರೇಲಿ ಇರೋಳು ನಮ್ಮಕ್ಕ. ನೋಡೋಕೆ ಹೋದ್ರೆ ಗೋಡೆ ಕಡೆ ತಿರುಗಿ ಮಲಗ್ತಾಳೆ. ಕೆಲಸ ಮಾಡ್ದೇನೇ ಸಹಿ ಹಾಕ್ದ ಅಂತ ಅವಳಿಗೂ ಹೇಳಿದಾರೆ."

ನನ್ನ ಪೆನ್ನು ನಿಂತಿತು. ಮೇಡಂ ಬರೆದುಕೋ ಎಂದು ಕಣ್ಣಲ್ಲೇ ಗದರಿದರು.

ಕಾರ್ಖಾನೆಯಲ್ಲಿ ಸೂಪರ್‌ವೈಸರ್ ನಮ್ಮನ್ನು ಬಾಗಿಲಲ್ಲೇ ಎದುರುಗೊಂಡ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ರಿಜಿಸ್ಟರ್.

"ಅವನು ಹೊಸದು ಹಾಕೇ ಇಲ್ಲ ಬಿಡಿ. ಬರೀ ಬಾಯಿ," ಎಂದ. "ಇಲ್ಲ ಅಂದ್ರೆ ವಾಚ್‌ಮನ್ ಕದ್ದು ಗುಜರಿಗೆ ಹಾಕಿರ್ಬೇಕು. ಪೆಟ್ಟಿಗೆ ಕೀಲಿ ಇವನ ಕೋಣೆ ಗೋಡೆ ಮೇಲೇ ನೇತಾಡ್ತಿರುತ್ತೆ."

"ಮೊಳೆ ನನ್ನ ಗೋಡೇಲಿದೆ ಅಂತ ಕಳ್ಳತನಾನೂ ನನ್ ತಲೆಗೇ ಕಟ್ತೀರಾ?" ಪಕ್ಕದಲ್ಲೇ ನಿಂತಿದ್ದ ವಾಚ್‌ಮನ್ ರೇಗಿದ. "ನನ್ನ ಮೇಲೆ ಗೂಬೆ ಕೂರಿಸ್ಬೇಡಿ ಸಾರ್. ಆ ಕೀಲಿ ಯಾರ್ ಬೇಕಾದ್ರೂ ತಗೋತಾರೆ."

"ಬೆಂಕಿ ದಿನ ಏನಾಯಿತು?" ಮೇಡಂ ಕೇಳಿದರು.

"ಬೆಲ್ ಇಲ್ಲ, ಗಿಲ್ ಇಲ್ಲ. ಮೆಟ್ಟಿಲಿಗೆ ಕಿಟಕಿ ಬೇರೆ ಇಲ್ಲ. ಆ ಎಮರ್ಜೆನ್ಸಿ ದೀಪ ಒಂದು ಇಲ್ದೇ ಇದ್ದಿದ್ರೆ ಹೆಂಗಸರ ಗತಿ ಏನು? ಸಾಯಂಕಾಲ ಐದರ ತನಕ ಉರೀತಾನೇ ಇತ್ತು."

"ಅದು ನನ್ನ ಉಸ್ತುವಾರಿ," ಸೂಪರ್‌ವೈಸರ್ ರಿಜಿಸ್ಟರ್ ಬಿಡಿಸಿ ತೋರಿಸಿದ. "ನೋಡಿ, ಆರು ವರ್ಷದ ಹಿಂದೆ ಹಾಕಿದ ಬ್ಯಾಟರಿ. ಕಲ್ಲಿನ ಹಾಗಿದೆ."

ಮೇಡಂ ತಲೆದೂಗಿದರು. ಅಷ್ಟೇ. ಆಮೇಲೆ ಅಲಾರಂ ಪೆಟ್ಟಿಗೆಗೆ ಬೇರೆ ಕರೆಂಟು ಕೊಟ್ಟು ಅದರ ನೆನಪಿನಲ್ಲಿ ದಾಖಲಾಗಿದ್ದದ್ದನ್ನು ಓದಿದರು. ಹತ್ತನೇ ತಾರೀಖು, ಬೆಳಿಗ್ಗೆ ಹತ್ತು ಐದು: ಬ್ಯಾಟರಿ ಇಲ್ಲ. ಹತ್ತು ಹದಿನೇಳು: ಬ್ಯಾಟರಿ ಇದೆ.

"ಹನ್ನೆರಡು ನಿಮಿಷ," ಎಂದರು. "ಗೇಟಿನ ಪುಸ್ತಕ ಕೊಡಿ. ಹತ್ತನೇ ತಾರೀಖು ಟೆಕ್ನಿಷಿಯನ್ ಬಂದಿದ್ದನೇ?"

"ಇಲ್ಲ," ನಾನು ಪುಟ ತಿರುವಿದೆ. "ಬೇರೊಬ್ಬರು ಬಂದಿದ್ದಾರೆ — ಹನ್ನೊಂದಕ್ಕೆ, ತಪಾಸಣೆಯವರು. ಕೆಲಸ: ಮೆಟ್ಟಿಲ ದೀಪ ಪರೀಕ್ಷೆ."

ಮೇಡಂ ಸೀದಾ ಮೆಟ್ಟಿಲ ಕೆಳಗಿನ ದೀಪದ ಪೆಟ್ಟಿಗೆಯತ್ತ ನಡೆದರು. "ಇದನ್ನು ತೆರೆಯಿರಿ."

"ಅದ್ಯಾಕೆ ಮೇಡಂ?" ಸೂಪರ್‌ವೈಸರ್ ನಕ್ಕ. ನಗು ಅರ್ಧಕ್ಕೇ ನಿಂತಿತು. "ಅದು ಚೆನ್ನಾಗೇ ಇದೆಯಲ್ಲ?"

"ಚೆನ್ನಾಗಿದೆ. ಅದೇ ತೊಂದರೆ. ಬೆಲ್ ಯಾಕೆ ಹೊಡೆಯಲಿಲ್ಲ ಅಂತ ಎಲ್ಲರೂ ಕೇಳುತ್ತಿದ್ದೀರಿ. ದೀಪ ಯಾಕೆ ಉರಿಯಿತು ಅಂತ ಒಬ್ಬರಾದರೂ ಕೇಳಿದಿರಾ? ಆರು ವರ್ಷದ ಬ್ಯಾಟರಿ ಮೂರು ಗಂಟೆ ಕಾಲ ದೀಪ ಉರಿಸುವುದಿಲ್ಲ. ಮೂರು ನಿಮಿಷ ಉರಿಸಿದರೆ ದೊಡ್ಡದು."

ನಾನೇ ತಿರುಪು ಬಿಚ್ಚಿದೆ. ಒಳಗೆ ಅದೇ ಅಳತೆಯ ಎರಡು ಬ್ಯಾಟರಿ. ಬೋರಲು ಹಾಕಿದೆ. ಎರಡರ ತಳದಲ್ಲೂ ದಪ್ಪ ಮಾರ್ಕರ್ ಅಕ್ಷರ — ಈ ತಿಂಗಳ ಮೂರನೇ ತಾರೀಖು.

"ಕದ್ದ ಮಾಲು ಕಟ್ಟಡ ಬಿಟ್ಟು ಹೋಗಿಯೇ ಇಲ್ಲ," ಎಂದರು ಮೇಡಂ. "ಮಾರುವವನಾಗಿದ್ದರೆ ಇಲ್ಲಿ ಇಡುತ್ತಿರಲಿಲ್ಲ. ತಪಾಸಣೆಯವರ ಮುಂದೆ ದೀಪ ಹತ್ತದಿದ್ದರೆ ಮಾನ ಹೋಗುವುದು ಯಾರದು? ಉಸ್ತುವಾರಿಯವರದು. ನೀವು ಅಲಾರಮ್ಮಿನ ಹೊಸ ಬ್ಯಾಟರಿ ಇಲ್ಲಿಗೆ ತಂದಿರಿ, ಇಲ್ಲಿನ ಸತ್ತದ್ದನ್ನು ಅಲ್ಲಿಗೆ ಕೂರಿಸಿದಿರಿ. ಕರೆಂಟು ಇರುವವರೆಗೆ ಚಾರ್ಜರ್ ಅದನ್ನು ಎತ್ತಿ ಹಿಡಿದಿತ್ತು. ಪೆಟ್ಟಿಗೆಯೂ ಮೋಸ ಹೋಯಿತು."

ಸೂಪರ್‌ವೈಸರ್ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತ.

"ನಾಲ್ಕು ದಿನದ ಮಟ್ಟಿಗೆ ಅಂತ ಮಾಡ್ದೆ. ಹೊಸದು ತರ್ಸಿ ವಾಪಸ್ ಇಡೋಣ ಅಂದ್ಕೊಂಡೆ. ಆಮೇಲೆ... ಮರ್ತೇ ಹೋಯ್ತು ಮೇಡಂ."

"ಮರೆತದ್ದು ನಿಜ ಇರಬಹುದು. ಆದರೆ ಬೆಂಕಿ ಬಿದ್ದ ಮೇಲೆ ನೆನಪಾಯಿತಲ್ಲ? ಆಗಲೂ ಆ ಟೆಕ್ನಿಷಿಯನ್ ಕಡೆ ಬೆರಳು ತೋರಿಸಿದಿರಿ."

ನನಗೆ ಅವನ ಮೇಲೆ ಕನಿಕರ ಬರಲಿಲ್ಲ.

ಸಂಜೆ ಟೆಕ್ನಿಷಿಯನ್ನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆವು. ಅವನು ವಾರ್ಡಿನ ಬಾಗಿಲಲ್ಲೇ ನಿಂತ. ಅಕ್ಕ ಗೋಡೆಯ ಕಡೆ ತಿರುಗಿಯೇ ಮಲಗಿದ್ದಳು. ಮೇಡಂ ಸ್ಟೂಲು ಎಳೆದು ಕೂತು ಎಲ್ಲವನ್ನೂ ಹೇಳಿದರು. ಕೊನೆಗೆ ಎಂದರು:

"ಬೆಲ್ ಹೊಡೆಯದಂತೆ ಮಾಡಿದವನು ಬೇರೆ. ಆದರೆ ಮೂರು ಮಹಡಿ ಇಳಿದು ಬಂದೆಯಲ್ಲಮ್ಮ, ಆ ಬೆಳಕು ನಿನ್ನ ತಮ್ಮ ತಂದ ಬ್ಯಾಟರಿಯದು."

ಅವಳು ಮೆಲ್ಲಗೆ ಈ ಕಡೆ ಹೊರಳಿ, ಮೂಗಿನ ನಳಿಕೆ ಸರಿಮಾಡಿಕೊಂಡು, ಬಾಗಿಲತ್ತ ನೋಡಿದಳು. ಮಂಚದ ಅಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಸರಿದಳು.

"ಅಲ್ಲೇ ಯಾಕೋ ನಿಂತಿದೀಯ? ಊಟ ಮಾಡಿದ್ಯಾ?" ಎಂದಳು.