ಲೆಸಿಕ್ ಕಾರ್ಡಿನ ಬಿಳಿ ಅಂಚು

ಕಪಾಟಿನ ಗಾಜು ಒಡೆದಿತ್ತು. ಬೀಗ ಮಾತ್ರ ಹಾಕಿದ್ದು ಹಾಕಿದಂತೆಯೇ ಇತ್ತು.

ಶನಿವಾರ ಬೆಳಿಗ್ಗೆ ಮಕ್ಕಳ ಐಸ್ ಹಾಕಿ ಪಂದ್ಯಕ್ಕೆಂದು ಮಂಜುಗಡ್ಡೆಯ ರಿಂಕಿನ ಬಾಗಿಲು ತೆಗೆದ ಲೋರೇನ್ ಬಿಲೋಸ್ ಕಾಲಿಟ್ಟದ್ದೇ ಚೂರುಗಳ ಮೇಲೆ. ತಲೆಯೆತ್ತಿ ನೋಡಿದಳು. ಗೋಡೆಯ ಕಪಾಟಿನಲ್ಲಿ ಗೋಲ್‌ಕೀಪರನ ಹಳೆಯ ಕೈಗವಸು ಇತ್ತು. ತಂಡದ ಫೋಟೋಗಳಿದ್ದವು. ನಡುವಿನ ಪುಟ್ಟ ಪೀಠ ಖಾಲಿಯಾಗಿತ್ತು. ತಾರಾಸ್ ಲೆಸಿಕ್ ಅವರ ಕಾರ್ಡು ಇರಲಿಲ್ಲ.

ಕೆನಡಾದ ಸಸ್ಕಾಚೆವಾನಿನ ಬಯಲಿನಲ್ಲಿರುವ ಬಿಟರ್ ಕ್ರೀಕ್ ಎಂಬ ಆ ಊರಿನಿಂದ ದೊಡ್ಡ ಲೀಗಿಗೆ ಹೋಗಿ ಹಾಕಿ ಆಡಿದವರು ಲೆಸಿಕ್ ಒಬ್ಬರೇ. ಆಡಿದ್ದು ಒಂದೇ ಚಳಿಗಾಲ. ಚೂಯಿಂಗ್ ಗಮ್ ಪೊಟ್ಟಣದೊಳಗೆ ಸಿಗುತ್ತಿದ್ದ ಆಟಗಾರರ ಕಾರ್ಡುಗಳಲ್ಲಿ ಅವರ ಮುಖ ಬಂದದ್ದೂ ಆ ಒಂದು ವರ್ಷ. ಮಕ್ಕಳು ಸೈಕಲ್ ಚಕ್ರಕ್ಕೆ ಸಿಕ್ಕಿಸಿ ಹಾಳು ಮಾಡಿ ಉಳಿಸಿದ್ದು ಬೆರಳೆಣಿಕೆಯಷ್ಟು; ಅದಕ್ಕೇ ಈಗ ಅದಕ್ಕೆ ಭಾರಿ ಬೆಲೆ. ತಮ್ಮ ಸ್ವಂತ ಪ್ರತಿಯನ್ನು ಲೆಸಿಕ್ ಊರ ರಿಂಕಿಗೆ ಕೊಟ್ಟಿದ್ದರು. ಈಗ ರಿಂಕಿನ ಮಾಡು ಹಿಮದ ಭಾರಕ್ಕೆ ಬಾಗಿತ್ತು. ಕಾರ್ಡನ್ನು ಹರಾಜು ಹಾಕಿ ಮಾಡು ಸರಿಮಾಡಿಸಿ ಎಂದು ಅವರೇ ಹೇಳಿದ್ದರು. ಅದನ್ನು ಪರೀಕ್ಷಿಸಲು ಮುಂದಿನ ವಾರ ರೆಜೈನಾ ನಗರದಿಂದ ತಜ್ಞನೊಬ್ಬ ಬರುವವನಿದ್ದ.

ಪೊಲೀಸ್ ಕಾರ್ಪೊರಲ್ ನೋರೀನ್ ಫಯಂಟ್ ಬೂಟಿನ ಹಿಮ ಕೊಡವಿ ಒಳಗೆ ಬಂದಳು. ಅವಳು ಇದೇ ಊರಿನ ಹುಡುಗಿ. ಪೊಲೀಸ್ ಆಗಿ ಊರೂರು ಸುತ್ತಿ ಮತ್ತೆ ಇಲ್ಲಿಗೇ ಬಂದವಳು.

“ಕಪಾಟಿನ ಬೀಗದಕೈ ಯಾರ ಹತ್ರ ಇರುತ್ತೆ?”

“ನನ್ ಹತ್ರ ಒಂದು. ಡ್ವೇನ್ ಹತ್ರ ಒಂದು.” ರಿಂಕ್ ಸಮಿತಿಯ ಅಧ್ಯಕ್ಷೆಯಾದ ಲೋರೇನ್ ದನಿ ತಗ್ಗಿಸಿದಳು. “ನಾನೇನೂ ಹೇಳ್ತಿಲ್ಲಮ್ಮ. ಆದ್ರೆ ಅವ್ನ ಹಳೇ ಕತೆ ನಿಂಗೂ ಗೊತ್ತಲ್ಲ.”

ಗೊತ್ತಿತ್ತು. ಡ್ವೇನ್ ರೆಂಪೆಲ್ ಅವಳ ಶಾಲೆಯ ಸಹಪಾಠಿ. ಹುಡುಗುಬುದ್ಧಿಯಲ್ಲಿ ಯಾರದೋ ಟ್ರಕ್ಕು ಕದ್ದು ಜೈಲಿಗೆ ಹೋಗಿದ್ದ. ಈಗ ರಿಂಕಿನ ಮಂಜುಗಡ್ಡೆ ನುಣುಪು ಮಾಡುವ ಯಂತ್ರ ಓಡಿಸುತ್ತಿದ್ದ. ಆ ಯಂತ್ರ ನಿಲ್ಲಿಸುವ ಕೋಣೆಯ ಕಸದ ಬುಟ್ಟಿಯಲ್ಲಿ ಕಾರ್ಡು ಇಟ್ಟಿದ್ದ ಪ್ಲಾಸ್ಟಿಕ್ ಚೌಕಟ್ಟು ಸಿಕ್ಕಿತು. ಖಾಲಿ. ತಿರುಪುಗಳನ್ನು ಬಿಚ್ಚಲಾಗಿತ್ತು.

“ಇದೇನು ಡ್ವೇನ್?”

“ಕಸದ ಬುಟ್ಟಿ. ಅದ್ರಲ್ಲಿ ಕಸ ಇರುತ್ತೆ.”

“ತಮಾಷೆ ಬೇಡ.”

“ಬೀಗದಕೈ ಇಟ್ಕೊಂಡೋನು ಗಾಜ್ಯಾಕೆ ಒಡೀಲಿ, ನೋರೀನ್?”

“ಬೇರೆಯವರ ಮೇಲೆ ಹಾಕೋಕೆ.”

ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಅಷ್ಟು ಬೇಗ ಹೇಗೆ ಬಂತು ಎಂದು ಅವಳು ಆಗ ಯೋಚಿಸಲಿಲ್ಲ. ಮಧ್ಯಾಹ್ನ ಡ್ವೇನ್‌ನ ಮನೆ ಶೋಧಿಸಿದಳು. ಹಿಟ್ಟಿನ ಡಬ್ಬ ಬೋರಲು ಹಾಕಿಸಿದಳು. ಹಾಸಿಗೆಯ ಹೊಲಿಗೆ ಬಿಚ್ಚಿಸಿದಳು. ಡ್ವೇನ್‌ನ ಮಗಳು ಸೋಫಾದ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಕಾರ್ಡು ಸಿಗಲಿಲ್ಲ. ಆದರೂ ಸಮಿತಿ ಅಂದೇ ಡ್ವೇನ್‌ಗೆ ಕೆಲಸಕ್ಕೆ ಬರಬೇಡವೆಂದಿತು.

* * *

ಗಾರ್ಡಿ ಮಕಾಸ್ಕಿಲ್‌ನ ಕಾರ್ಡಿನ ಅಂಗಡಿ ಅಂಚೆ ಕಚೇರಿಯ ಪಕ್ಕದಲ್ಲಿತ್ತು. ನೋರೀನ್‌ಳ ಬಾಲ್ಯವೆಲ್ಲ ಕಳೆದದ್ದು ಅಲ್ಲೇ. ಅಪ್ಪ ಕುಡಿದು ಬಂದ ದಿನಗಳಲ್ಲಿ ಅವಳಿಗೆ ಆ ಅಂಗಡಿಯೇ ಮನೆ. ಮೂಲೆ ಮುರಿಯದ ಹಾಗೆ ಕಾರ್ಡು ಹಿಡಿಯುವುದು, ಹೊಸದರಂತೆ ಕಾಣಲೆಂದು ಕತ್ತರಿಸಿದ ಅಂಚನ್ನು ಗುರುತಿಸುವುದು, ಒಂದಕ್ಕೊಂದು ಬದಲಾಯಿಸಿಕೊಳ್ಳುವಾಗ ಮುಖದ ಮೇಲೆ ಆಸೆ ತೋರಿಸದಿರುವುದು, ಎಲ್ಲವನ್ನೂ ಗಾರ್ಡಿಯೇ ಕಲಿಸಿದ್ದ.

“ಯಾರು ಕೊಳ್ತಾರೆ ಅದನ್ನ?” ಎಂದು ಕೇಳಿದಳು.

“ಬಹಿರಂಗವಾಗಿ ಯಾರೂ ಕೊಳ್ಳಲ್ಲ ಮರಿ. ಕದ್ದದ್ದು ಅಂತ ಗೊತ್ತಾಗಿಬಿಡುತ್ತೆ.” ಗಾರ್ಡಿ ಮೊದಲೇ ಶುಭ್ರವಾಗಿದ್ದ ಗಾಜನ್ನು ಮತ್ತೆ ಒರೆಸುತ್ತಿದ್ದ. “ಡ್ವೇನ್ ಅಂಥೋನಲ್ಲ ಅನ್ಸುತ್ತೆ.”

“ಅನ್ಸುತ್ತೆ ಅಂದ್ರೆ? ನಿಮಗೇನಾದ್ರೂ ಗೊತ್ತಾ?”

“ನಂಗೇನು ಗೊತ್ತು?” ಬಟ್ಟೆ ಒಂದೇ ಜಾಗದಲ್ಲಿ ಸುತ್ತುತ್ತಿತ್ತು. “ಅವ್ನ ಮನೇಲಿ ಏನೂ ಸಿಗ್ಲಿಲ್ವಂತೆ. ಹಂಗಾದ್ರೆ ಬಿಟ್ಬಿಡ್ತೀಯ, ಅಲ್ವಾ?”

“ನಾನು ಬಿಟ್ರೂ ಊರು ಅವನನ್ನ ಬಿಡಲ್ಲ,” ಎಂದಳು ನೋರೀನ್.

ಅವನು ತಲೆಯೆತ್ತಲಿಲ್ಲ.

* * *

ಸೋಮವಾರ ಲೋರೇನ್ ಠಾಣೆಗೆ ಬಂದು ಫೋನು ಮುಂದೆ ಹಿಡಿದಳು. “ನೋಡು. ಶುಕ್ರವಾರ ಸಂಜೆ ಡಿಸ್ಕೋ ಸ್ಕೇಟಿಂಗ್ ಇತ್ತಲ್ಲ, ಆಗ ಮೊಮ್ಮಗಳ ಫೋಟೋ ತೆಗೆದೆ. ಹಿಂದೆ ನೋಡು, ಕಪಾಟಿಗೆ ಒರಗಿ ನಿಂತಿರೋನು ಯಾರು? ಡ್ವೇನ್!”

ರಿಂಕಿನ ಮಾಮೂಲಿ ದೀಪಗಳನ್ನೆಲ್ಲ ಆರಿಸಿ ನೇರಳೆ ದೀಪ ಹಾಕಿದ್ದರು. ಆ ಬೆಳಕಿನಲ್ಲಿ ಮಗುವಿನ ಬಿಳಿ ಕೈಗವಸು ಹೊಳೆಯುತ್ತಿತ್ತು, ಹಲ್ಲು ಹೊಳೆಯುತ್ತಿತ್ತು. ಡ್ವೇನ್ ಬರಿಯ ಕಪ್ಪು ನೆರಳು. ಅವನ ಭುಜದ ಪಕ್ಕ, ಕಪಾಟಿನೊಳಗೆ, ಬೆಂಕಿಪೊಟ್ಟಣದಷ್ಟಗಲದ ಒಂದು ಚೌಕ. ಅದರ ಬಿಳಿ ಅಂಚು ಹಾಲಿನಂತೆ ಹೊಳೆಯುತ್ತಿತ್ತು.

ನೋರೀನ್ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಕಾಫಿ ಆರಿಹೋಯಿತು.

“ಲೋರೇನ್, ಈ ಕಾರ್ಡು ಯಾವತ್ತಾದ್ರೂ ಕಪಾಟಿಂದ ಹೊರಗೆ ಹೋಗಿತ್ತಾ?”

“ಎಲ್ಲೂ ಇಲ್ಲ. ಹಾಂ, ಚಳಿ ಶುರುವಾಗೋಕೆ ಮುಂಚೆ ಒಂದ್ಸಲ. ಚೌಕಟ್ಟಿನೊಳಗೆ ತೇವ ಬಂದಿತ್ತು. ಹೊಸ ಚೌಕಟ್ಟು ಹಾಕ್ಕೊಡಿ ಅಂತ ಕೊಟ್ಟಿದ್ವಿ.”

“ಯಾರಿಗೆ?”

“ಇನ್ಯಾರಿಗೆ? ಗಾರ್ಡಿಗೆ.”

ನೋರೀನ್ ಕಣ್ಣು ಮುಚ್ಚಿದಳು.

* * *

ಒಬ್ಬಳೇ ಹೋದರೆ ಕೇಳದೇ ಬಂದುಬಿಡುತ್ತೇನೆ ಎಂಬ ಭಯ ಅವಳಿಗಿತ್ತು. ಅದಕ್ಕೇ ತಾರಾಸ್ ಲೆಸಿಕ್ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದಳು. ತೊಂಬತ್ತರ ಹತ್ತಿರದ ಮುದುಕ ಕೋಲೂರಿ ಅಂಗಡಿಯ ಸ್ಟೂಲಿನ ಮೇಲೆ ಕೂತರು.

“ಗಾರ್ಡಿ, ನಿಮ್ಮ ನೇರಳೆ ದೀಪ ಎಲ್ಲಿ?”

ಅವನ ಕೈ ನಿಂತಿತು. ಮೆಲ್ಲನೆ ಖಾನೆಯಿಂದ ದೀಪ ತೆಗೆದು ಮೇಜಿನ ಮೇಲಿಟ್ಟ. ನೋರೀನ್ ಪರದೆ ಎಳೆದಳು.

“ನಾನು ಚಿಕ್ಕೋಳಿದ್ದಾಗ ನೀವು ಹೇಳ್ಕೊಟ್ಟಿದ್ರಿ. ಹಳೇ ಕಾಗದ ಈ ಬೆಳಕಲ್ಲಿ ಮಂಕಾಗಿರುತ್ತೆ. ಆಮೇಲಿನ ಕಾಲದ ಕಾಗದಕ್ಕೆ ಬಿಳುಪು ಬರೋಕೆ ರಾಸಾಯನಿಕ ಹಾಕ್ತಾರೆ, ಅದು ಹೊಳೆಯುತ್ತೆ. ಹೊಳೆದ್ರೆ ನಕಲಿ.” ಅವಳು ಫೋಟೋ ತೋರಿಸಿದಳು. “ಶುಕ್ರವಾರ ಸಂಜೆ ಕಪಾಟಲ್ಲಿದ್ದ ಕಾರ್ಡು ಹೊಳೀತಿತ್ತು. ಅಂದ್ರೆ ಕಳುವಾಗಿದ್ದೇ ನಕಲಿ. ನಕಲಿ ಕಾರ್ಡು ಯಾರಿಗೆ ಬೇಕು? ಅದು ನಕಲಿ ಅಂತ ಗೊತ್ತಾಗ್ಬಾರ್ದು ಅನ್ನೋರಿಗೆ. ರೆಜೈನಾದಿಂದ ಬರೋನು ಮೊದಲು ಹಾಕೋದೇ ಈ ದೀಪ. ಅಸಲಿ ಕಾರ್ಡು ಕಪಾಟಿಂದ ಹೊರಗೆ ಬಂದದ್ದು ಒಂದೇ ಸಲ. ಬಂದದ್ದು ಈ ಮೇಜಿಗೆ.”

ಲೆಸಿಕ್ ಕೋಲಿನ ಮೇಲೆ ಮುಂದಕ್ಕೆ ಬಾಗಿದರು. ಗಾರ್ಡಿಯನ್ನೇ ನೋಡುತ್ತಿದ್ದರು.

“ಡ್ವೇನ್ ಹತ್ರ ಬೀಗದಕೈ ಇತ್ತು, ಗಾಜು ಒಡೀಬೇಕಾಗಿರ್ಲಿಲ್ಲ,” ನೋರೀನ್ ಮುಂದುವರಿಸಿದಳು. “ನಿಮ್ಮ ಹತ್ರ ಇರ್ಲಿಲ್ಲ. ರಿಂಕಿನ ಕ್ಯಾಂಟೀನಿನ ಹಿಂಬಾಗಿಲಿಗೆ ಚಿಲಕ ಬೀಳಲ್ಲ ಅಂತ ಊರಿಗೇ ಗೊತ್ತು. ಅಲ್ಲಿಂದ ಬಂದ್ರಿ, ಯಂತ್ರದ ಕೋಣೆಯಿಂದ ಹೋದ್ರಿ. ಗಾಜಿನ ಮಾತನ್ನ ಡ್ವೇನ್ ಮೊದಲನೇ ದಿನಾನೇ ನಂಗೆ ಹೇಳಿದ್ದ. ನಾನು ಕೇಳಿಸ್ಕೊಳ್ಲಿಲ್ಲ.”

ಗಾರ್ಡಿ ಒಳಕೋಣೆಗೆ ಹೋಗಿ ಹಳೆಯ ಆಲ್ಬಮ್ ತಂದ. ಅದು ಅವನಪ್ಪನದು. ಧಾನ್ಯದ ಗೋದಾಮಿನಲ್ಲಿ ದುಡಿಯುತ್ತ, ಗಮ್ ಅಗಿದು ಅಗಿದು ದವಡೆ ನೋಯಿಸಿಕೊಂಡು, ಆ ಚಳಿಗಾಲದ ಕಾರ್ಡುಗಳನ್ನೆಲ್ಲ ಆತ ಕೂಡಿಸಿದ್ದ. ಲೆಸಿಕ್ ಒಬ್ಬರು ಮಾತ್ರ ಸಿಕ್ಕಿರಲಿಲ್ಲ. ಸಾಯುವ ತನಕ ಹುಡುಕಿದ್ದ. ಆಮೇಲೆ ಮಗ ಹುಡುಕಿದ್ದ.

ಕೊನೆಯ ಹಾಳೆಯಲ್ಲಿ ಒಂದು ಕಾರ್ಡು ಬೆನ್ನು ಮೇಲಾಗಿ ಕೂತಿತ್ತು.

“ಯಾಕೆ ತಿರುಗಿಸಿ ಇಟ್ಟಿದ್ದೀಯ?” ಲೆಸಿಕ್ ಕೇಳಿದರು.

“ನಿಮ್ಮ ಮುಖ ನೋಡೋಕಾಗ್ಲಿಲ್ಲ.” ಗಾರ್ಡಿ ಆಲ್ಬಮ್ಮಿನ ಅಂಚು ಸವರಿದ. “ಕೈಗೆ ಬಂತು. ಒಂದು ರಾತ್ರಿ ಅಪ್ಪನ ಕಾರ್ಡುಗಳ ಪಕ್ಕ ಇಟ್ಟು ನೋಡೋಣ ಅನ್ಕೊಂಡೆ. ನೋಡಿದ್ಮೇಲೆ ತೆಗೆಯೋಕಾಗ್ಲಿಲ್ಲ. ನಕಲಿ ಮಾಡಿ ಕಳಿಸ್ದೆ. ಹರಾಜು ಅಂದಾಗ ಜೀವ ಹೋದಂಗಾಯ್ತು. ಆ ನಕಲೀನ ಕದ್ದು ತಂದು ಒಲೆಗೆ ಹಾಕ್ದೆ. ಮಾರೋಕಲ್ಲ ತಾತ, ದೇವರಾಣೆ ಮಾರೋಕಲ್ಲ.”

ನೋರೀನ್‌ಳ ದನಿ ಗಡುಸಾಯಿತು. “ಕಾರ್ಡಿನ ಮಾತು ಹಾಗಿರ್ಲಿ. ಡ್ವೇನ್?”

“ಚೌಕಟ್ಟನ್ನ ಬೇಕಂತ ಅಲ್ಲಿ ಹಾಕ್ಲಿಲ್ಲ. ತಿರುಪು ಬಿಚ್ಚಿ ಕಾರ್ಡು ತಗೊಂಡೆ, ಎದುರಿಗೆ ಬುಟ್ಟಿ ಇತ್ತು.”

“ಅವನ ಮನೆ ಶೋಧಿಸಿದ್ಮೇಲೆ?”

ಗಾರ್ಡಿ ಆಲ್ಬಮ್ ಮುಚ್ಚಿದ. “ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅನ್ಕೊಂಡೆ. ಅವ್ನ ಮೇಲೆ ಬಿದ್ದಿದ್ದು ನಂಗೆ... ಹಗುರ ಅನ್ನಿಸ್ತು. ಅದೇ ಮರಿ, ಅದನ್ನೇ ನುಂಗೋಕಾಗ್ತಿಲ್ಲ.”

ಅವನು ಲೆಸಿಕ್ ಕಡೆ ತಿರುಗಿದ. “ಕೇಳಿದ್ದಿದ್ರೆ ಕೊಡ್ತಿದ್ರಾ?”

“ಇಲ್ಲ,” ಎಂದರು ಮುದುಕ. “ಆದ್ರೆ ನಿಮ್ಮಪ್ಪ ಬದುಕಿದ್ದಾಗ ಒಂದು ಮಾತು ಹೇಳಿದ್ದಿದ್ರೆ, ಮನೆಗೆ ಕರೆದು ಅವನ ಕೈಗೆ ಕೊಟ್ಟು ತೋರಿಸ್ತಿದ್ದೆ. ನನ್ನ ಮುಖ ಹುಡುಕೋನು ಒಬ್ಬ ಇದೇ ಊರಲ್ಲಿದ್ದ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

ಗಾರ್ಡಿ ಮೇಜಿಗೆ ತಲೆಯಾನಿಸಿದ. ನೋರೀನ್ ಅವನ ಕೋಟು ತಂದುಕೊಟ್ಟಳು. ಕೈಕೋಳ ಹಾಕಲಿಲ್ಲ. ಕೋಟಿನ ಗುಂಡಿ ಹಾಕಿಕೊಳ್ಳಲು ಅವನಿಗೆ ಆಗಲಿಲ್ಲ. ಅವಳೇ ಹಾಕಿದಳು.

* * *

ಸಂಜೆ ಅವಳು ಡ್ವೇನ್‌ನ ಬಾಗಿಲು ಬಡಿದಳು. ಅವನು ಅರ್ಧ ಬಾಗಿಲು ತೆರೆದು ನಿಂತ.

“ಗಾರ್ಡಿ ಒಪ್ಕೊಂಡ. ಸಮಿತಿಯೋರು ನಿನ್ನ ವಾಪಸ್ ಕರೀತಾರೆ. ನನ್ನ ತಪ್ಪು, ಡ್ವೇನ್. ನೀನು ಸರಿಯಾಗೇ ಹೇಳಿದ್ದೆ. ನಿನ್ನ ಹಳೇದನ್ನ ಹಿಡ್ಕೊಂಡು ನಾನೇ ಕಿವಿ ಮುಚ್ಕೊಂಡೆ. ಕ್ಷಮಿಸು.”

ಡ್ವೇನ್ ಅವಳ ಹಿಂದೆ ನಿಂತಿದ್ದ ಕಾರನ್ನು ನೋಡಿದ. “ಹುಡುಕೋಕೆ ಬಂದಾಗ ಎರಡು ಗಾಡಿ ತಂದಿದ್ದೆ. ಮೇಲೆ ಕೆಂಪು ನೀಲಿ ದೀಪ ತಿರುಗ್ತಿತ್ತು. ಬೀದಿಯೆಲ್ಲ ಕಿಟಕೀಲಿತ್ತು. ಕ್ಷಮೆ ಕೇಳೋಕೆ ಒಬ್ಳೇ ಬಂದಿದ್ದೀಯ, ಬೆಕ್ಕಿನ ಹಾಗೆ.”

ನೋರೀನ್‌ಳ ಮುಖ ಬಿಸಿಯಾಯಿತು. ಅವಳು ಮೆಟ್ಟಿಲಿಳಿದು ಹಿಮ ತುಳಿಯುತ್ತ ಕಾರಿನ ಹತ್ತಿರ ಹೋದಳು. ಬಾಗಿಲು ತೆಗೆದು ಗುಂಡಿ ಒತ್ತಿದಳು. ಕೆಂಪು, ನೀಲಿ ಬೆಳಕು ಎದುರುಮನೆಯ ಗೋಡೆಯ ಮೇಲೆ ಸುತ್ತತೊಡಗಿತು. ಒಂದು ಪರದೆ ಸರಿಯಿತು. ಪಕ್ಕದ ಮನೆಯವರು ಮನೆಯೊಳಗಿನ ಚಪ್ಪಲಿಯಲ್ಲೇ ಹೊಸ್ತಿಲಿಗೆ ಬಂದರು. ಡ್ವೇನ್‌ನ ಮಗಳು ಅವನ ತೋಳಿನಡಿಯಿಂದ ಇಣುಕಿದಳು.

ನೋರೀನ್ ಟೋಪಿ ತೆಗೆದು ಕೈಯಲ್ಲಿ ಹಿಡಿದಳು. ಬೀದಿಯ ಕಡೆಗೆ ತಿರುಗಿ, ತನ್ನ ತಪ್ಪನ್ನು ಮೊದಲಿನಿಂದ, ಎಲ್ಲರಿಗೂ ಕೇಳುವಂತೆ ಹೇಳತೊಡಗಿದಳು.