ಹಾಲಿಲ್ಲದ ಡಬ್ಬಿ ಮತ್ತು ಅರವತ್ತೆರಡು ಕಿಲೋ ಹುಡುಗ

"ಇದನ್ನ ನಿಮಗೆ ಕೊಡಲ್ಲ."

ಅಂಗಡಿಯವನು ಅವಳ ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಎಳೆದುಕೊಂಡು ಗಲ್ಲಾದ ಹಿಂದೆ ಇಟ್ಟುಬಿಟ್ಟ.

ತಾನಾಗಿ ಬಂದು, ತಾನಾಗಿ ಆರಿಸಿದ ಗಿರಾಕಿಗೆ ಕೊಡುವುದಿಲ್ಲ ಅನ್ನುವ ವ್ಯಾಪಾರಿಯನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅದೂ ಪ್ರೋಟೀನ್ ಪುಡಿ ಮಾರುವವನು! ಗೋಡೆಯ ತುಂಬ ಅವೇ ಡಬ್ಬಿಗಳು, ಒಂದೊಂದರ ಮೇಲೂ ತೋಳು ಉಬ್ಬಿಸಿದ ಗಂಡಸರು. ಇವನ ತೋಳು ಮಾತ್ರ ತೀರಾ ಸಾಧಾರಣ.

"ಯಾಕೆ, ತೆಳ್ಳಗಿದ್ದೀನಿ ಅಂತಾನಾ?" ಅವಳ ದನಿ ಏರಿತು.

ಏರದೆ ಇರುತ್ತದೆಯೇ? ಅಗ್ನಿಶಾಮಕ ಠಾಣೆಗೆ ತರಬೇತಿಗೆ ಸೇರಿದ ಮೊದಲ ದಿನವೇ ಅವಳಿಗೆ 'ಕಡ್ಡಿ' ಎಂದು ಹೆಸರು ಬಿದ್ದಿತ್ತು. ಮೈ ಕಡ್ಡಿ, ಮಾತು ಕಡ್ಡಿ ಮುರಿದಂತೆ.

"ಅದಕ್ಕಲ್ಲ. ಬಂದಾಗ ಹಾಲಿಲ್ಲದ್ದು ಬೇಕು ಅಂದ್ರಿ. ಇದರಲ್ಲಿ ಹಾಲಿದೆ."

"ಲ್ಯಾಕ್ಟೋಸ್ ಇಲ್ಲ ಅಂತ ಇಷ್ಟು ದೊಡ್ಡದಾಗಿ ಬರೆದಿದೆಯಲ್ರೀ."

"ಲ್ಯಾಕ್ಟೋಸ್ ಅಂದ್ರೆ ಹಾಲಿನ ಸಕ್ಕರೆ ಅಷ್ಟೆ. ಅದನ್ನ ತೆಗೆದ್ರೂ ಹಾಲಿನ ಪ್ರೋಟೀನ್ ಅಲ್ಲೇ ಇರುತ್ತೆ. ಹಾಲು ಕುಡಿದ್ರೆ ನಿಮಗೆ ಬರೀ ಹೊಟ್ಟೆ ಕೆಡುತ್ತಾ, ಇಲ್ಲ ಮೈಮೇಲೆ ಏಳುತ್ತಾ?"

"ತುಟಿ ಊದುತ್ತೆ, ಮೈಯೆಲ್ಲ ದದ್ದು. ಚಿಕ್ಕವಳಿದ್ದಾಗ ಒಂದ್ಸಲ ಉಸಿರೇ ಕಟ್ಟಿತ್ತು."

ಅವನ ಮುಖ ಗಂಭೀರವಾಯಿತು. ಡಬ್ಬಿಯನ್ನು ತಿರುಗಿಸಿ, ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಉಗುರಿಟ್ಟು ತೋರಿಸಿದ. 'ವೇ' ಎಂದಿತ್ತು. ಹಾಲು ಒಡೆದಾಗ ಉಳಿಯುವ ನೀರು ಅದು, ಅದನ್ನೇ ಒಣಗಿಸಿ ಪುಡಿ ಮಾಡಿದ್ದಾರೆ ಎಂದು ವಿವರಿಸಿದ.

ಅವಳು ಡಬ್ಬಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಇವನು ಸುಮ್ಮನೆ ಮಾರಿಬಿಟ್ಟಿದ್ದರೆ...?

"ಎಲ್ಲಾ ಡಬ್ಬಿನೂ ಹೀಗೇ ಓದ್ತೀರಾ?" ಎಂದು ಕೇಳಿದಳು. ಅವನು ನಾಚಿಕೊಂಡು, ಸ್ನೇಹಿತರು ತನ್ನನ್ನು 'ಲೇಬಲ್' ಎಂದೇ ಕರೆಯುತ್ತಾರೆ ಎಂದ. ಬೆಂಕಿಪೊಟ್ಟಣ ಕೊಟ್ಟರೂ ಗೀರುವ ಮೊದಲು ಅದರ ಮೇಲೇನಿದೆ ಎಂದು ಓದುವ ಜಾತಿಯಂತೆ.

ಕಡ್ಡಿಗೆ ನಗು ಬಂತು. ಬಂದ ನಗುವನ್ನು ಅವಳು ತೋರಿಸಿಕೊಳ್ಳಲಿಲ್ಲ, ಆ ಮಾತು ಬೇರೆ.

ಅವನು ಸ್ಟೂಲ್ ಎಳೆದು ಕೂರಿಸಿ, ಯಾತಕ್ಕೆ ಪುಡಿ ಬೇಕು ಎಂದು ಕೇಳಿದ. ಅವಳು ಹೇಳಿದಳು. ಠಾಣೆಯ ಅಂಗಳದಲ್ಲಿ ನಾಲ್ಕು ಮಹಡಿಯ ತರಬೇತಿ ಗೋಪುರವಿದೆ. ಅದರ ತುದಿಯಿಂದ ಜೀವಂತ ಮನುಷ್ಯನೊಬ್ಬನನ್ನು ಹೆಗಲ ಮೇಲೆ ಹೊತ್ತು, ಎರಡು ನಿಮಿಷದೊಳಗೆ ಮೆಟ್ಟಿಲಿಳಿದು ನೆಲ ಮುಟ್ಟಬೇಕು. ಆ ಮನುಷ್ಯ ಅರವತ್ತು ಕಿಲೋಗೆ ಕಡಿಮೆ ಇರಬಾರದು, ಅವನನ್ನು ಅಭ್ಯರ್ಥಿಯೇ ಕರೆತರಬೇಕು. ನಿನ್ನನ್ನು ನಂಬಿ ಹೆಗಲೇರುವವರು ಯಾರೂ ಇಲ್ಲದಿದ್ದರೆ ಈ ಕೆಲಸ ನಿನಗೆ ಯಾಕೆ, ಎನ್ನುವುದು ಠಾಣಾಧಿಕಾರಿಯ ವಾದ. ಎರಡು ಸಲ ಅವಳು ಭಾವನನ್ನು ಹೊತ್ತಿದ್ದಳು. ಎರಡು ಸಲವೂ ಎರಡನೇ ಮಹಡಿಯಲ್ಲಿ ಮೊಣಕಾಲು ಕೈಕೊಟ್ಟಿತ್ತು. ನನಗಿರೋದು ಒಂದೇ ಸೊಂಟ ತಾಯಿ, ಎಂದು ಭಾವ ಕೈಮುಗಿದಿದ್ದ.

ಇನ್ನು ಉಳಿದಿರುವುದು ಒಂದೇ ಅವಕಾಶ. ಎರಡು ತಿಂಗಳಿದೆ. ಈ ಸಲವೂ ಬಿದ್ದರೆ ಸಮವಸ್ತ್ರ ವಾಪಸ್ ಕೊಟ್ಟು ಮನೆಗೆ ಹೋಗುವುದೇ.

ಅವನು ಒಂದು ನೋಟ್‌ಬುಕ್ ತೆಗೆದ. ಠಾಣೆಯ ಆಹಾರ ತಜ್ಞೆ ದಿನಕ್ಕೆಷ್ಟು ಪ್ರೋಟೀನ್ ಬೇಕೆಂದಿದ್ದಾರೆ ಎಂದು ಕೇಳಿ ಬರೆದುಕೊಂಡ. ಆಮೇಲೆ ಪಾಠ ಶುರುವಾಯಿತು. ಮುಂದಿನ ದೊಡ್ಡ ಅಕ್ಷರ ನಂಬಬಾರದು, ಹಿಂದಿನ ಸಣ್ಣ ಅಕ್ಷರ ಓದಬೇಕು. ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಡಬ್ಬಿಯ ಒಂದು ಅಳತೆ ಚಮಚಕ್ಕೆ ಇಪ್ಪತ್ತು ಗ್ರಾಂ ಪ್ರೋಟೀನ್ ಇರಬೇಕು, ಸಕ್ಕರೆ ಇಲ್ಲವೆನ್ನುವಷ್ಟಿರಬೇಕು. ಬಟಾಣಿಯಲ್ಲಿ ಕಡಿಮೆ ಇರುವುದು ಅಕ್ಕಿಯಲ್ಲಿದೆ, ಅಕ್ಕಿಯಲ್ಲಿ ಕಡಿಮೆ ಇರುವುದು ಬಟಾಣಿಯಲ್ಲಿದೆ, ಆದ್ದರಿಂದ ಎರಡೂ ಸೇರಿದ್ದು ಮೇಲು. ಎಲ್ಲಕ್ಕಿಂತ ಮುಖ್ಯ, ಅದೇ ಯಂತ್ರದಲ್ಲಿ ಹಾಲಿನ ಪುಡಿಯನ್ನೂ ತುಂಬುತ್ತಾರೋ ಎಂದು ವಿಚಾರಿಸಬೇಕು.

'ಇಷ್ಟೊಂದು ಮಾತಾಡುವವನ ಕಣ್ಣು ಇಷ್ಟು ಮೆತ್ತಗಿರಬಹುದೇ...' ಎಂದುಕೊಂಡಳು ಕಡ್ಡಿ. ಪಾಠದ ಅರ್ಧ ಅವಳ ಕಿವಿಗೆ ಬಿದ್ದಿರಲಿಲ್ಲ.

ಆ ವಾರದಿಂದ ಮಾದರಿ ಪೊಟ್ಟಣಗಳ ಮೆರವಣಿಗೆ ನಡೆಯಿತು. ಪ್ರತಿಯೊಂದನ್ನೂ ಅವನು ಮೊದಲು ತಾನು ಕುಡಿದು ನೋಡಿ, ಆಮೇಲೆ ಅವಳಿಗೆ ಕೊಡುತ್ತಿದ್ದ. ಸೋಯಾ ಅವಳ ಹೊಟ್ಟೆಯನ್ನು ತಮಟೆಯಂತೆ ಉಬ್ಬಿಸಿತು. ಕುಂಬಳಬೀಜದ್ದು ನೀರಲ್ಲಿ ಕರಗಲಾರೆನೆಂದು ಹಟ ಹಿಡಿಯಿತು. ಇನ್ನೊಂದು ಒದ್ದೆ ಹಾಸಿಗೆಯ ವಾಸನೆ ಹೊಡೆಯುತ್ತಿತ್ತು. ಅವಳು ಬಂದು ಮುಖ ಕಿವುಚಿ ಹೇಳುವುದು, ಅವನು ಶ್ರದ್ಧೆಯಿಂದ ನೋಟ್‌ಬುಕ್ಕಿನಲ್ಲಿ ಬರೆಯುವುದು.

ಕೊನೆಗೆ ಬಟಾಣಿ ಮತ್ತು ಅಕ್ಕಿ ಸೇರಿದ, ಸ್ವಲ್ಪ ಕೋಕೋ ಇದ್ದ ಒಂದು ಪುಡಿ ಗಂಟಲಲ್ಲಿಳಿಯಿತು. ಬಾಳೆಹಣ್ಣಿನ ಜೊತೆ ರುಬ್ಬಿದರೆ ರುಚಿಯಾಗಿಯೂ ಇತ್ತು. ಅವನು ಆ ಕಂಪನಿಗೆ ಫೋನ್ ಹಚ್ಚಿ, ಮುಕ್ಕಾಲು ಗಂಟೆ ಕಿವಿಗೆ ಸಂಗೀತ ತುಂಬಿಸಿಕೊಂಡು ಕಾದು, ಅವರ ಕಾರ್ಖಾನೆಯೊಳಗೆ ಹಾಲಿನ ಹನಿಯೂ ಬರುವುದಿಲ್ಲ ಎಂದು ಕಾಗದದ ಮೇಲೆ ಬರೆಸಿಕೊಂಡ.

ಮನೆಯಲ್ಲಿ ಅಜ್ಜಿ ಲೋಟದೊಳಗೆ ಇಣುಕಿ, ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ನಿನಗೆ ಆ ಗಾದೆನೂ ಆಗಿಬರಲ್ಲವಲ್ಲೇ ಎಂದು ಮರುಗಿದರು. ಆಮೇಲೆ ಅಂಗಡಿಯವನ ವಿಷಯ ಬಂದಾಗಲೆಲ್ಲ ಮೊಮ್ಮಗಳ ಕೆನ್ನೆ ಕೆಂಪಾಗುವುದನ್ನು ನೋಡಿ, ಪುಡಿ ಚೆನ್ನಾಗಿ ಮೈಗೆ ಹತ್ತುತ್ತಿದೆ ಎಂದು ತಮ್ಮೊಳಗೇ ನಕ್ಕರು.

ಒಂದೂವರೆ ತಿಂಗಳಲ್ಲಿ ಅವಳ ಹೆಗಲು ತುಂಬಿಕೊಂಡಿತು. ಮರಳು ಚೀಲ ಹೊತ್ತು ಗೋಪುರ ಇಳಿದರೂ ಮೊಣಕಾಲು ನಡುಗದಾಯಿತು. ಆದರೆ ಮರಳು ಚೀಲ ನಂಬುವುದಿಲ್ಲ, ಹೆದರುವುದೂ ಇಲ್ಲ. ಜೀವಂತ ಮನುಷ್ಯನನ್ನು ಎಲ್ಲಿಂದ ತರುವುದು ಎಂದು ಅವಳು ಅಂಗಡಿಯಲ್ಲಿ ಕೂತು ಗೊಣಗಿದಳು.

"ನಾನು ಬರ್ತೀನಿ. ಅರವತ್ತೆರಡು ಕಿಲೋ ಇದ್ದೀನಿ." ಅವನು ಡಬ್ಬಿ ಒರೆಸುತ್ತ, ತಲೆಯೆತ್ತದೆ ಹೇಳಿದ.

"ಬೀಳಿಸಿಬಿಟ್ರೆ?"

"ಬೀಳಿಸಲ್ಲ ನೀವು."

ಆ ರಾತ್ರಿ ಅವಳು ನಿದ್ದೆಯಲ್ಲೂ ನಗುತ್ತಿದ್ದಳು ಎಂಬುದಕ್ಕೆ ಅಜ್ಜಿಯೇ ಸಾಕ್ಷಿ.

ಇನ್ನು ಎಡವಟ್ಟಿನ ಕಥೆ. ಪರೀಕ್ಷೆಗೆ ಐದು ದಿನವಿದ್ದಾಗ ಅವಳು ಹೊಸ ಡಬ್ಬಿಯನ್ನು ಠಾಣೆಗೆ ಒಯ್ದು ಮುಚ್ಚಳ ತೆಗೆದಳು. ಒಳಗೆ ಅಳತೆ ಚಮಚ ಕಾಣಲಿಲ್ಲ. ಇಂಥ ಡಬ್ಬಿಗಳಲ್ಲಿ ಚಮಚ ಪುಡಿಯೊಳಗೆ ಹೂತುಹೋಗಿರುತ್ತದೆ, ಕೆದಕಿದರೆ ಸಿಗುತ್ತದೆ. ಆದರೆ ಅಭ್ಯಾಸದ ಗಂಟೆ ಹೊಡೆದಿತ್ತು, ಅವಳಿಗೆ ಆತುರ. ಅಡುಗೆಕೋಣೆಯ ಮೊಳೆಗೆ ಒಂದು ಚಮಚ ನೇತಾಡುತ್ತಿತ್ತು. ಒಣಗಿತ್ತು, ಶುಭ್ರವಾಗಿಯೂ ಕಂಡಿತು. ಅದರಲ್ಲೇ ಎರಡು ಸಲ ಅಳೆದು ಹಾಕಿಕೊಂಡಳು.

ಆ ಚಮಚ ಠಾಣೆಯ ಡ್ರೈವರಣ್ಣನದು. ಅವನು ಕುಡಿಯುತ್ತಿದ್ದದ್ದು ಅಪ್ಪಟ ಹಾಲಿನ ಪುಡಿ, ಚಮಚ ತೊಳೆಯುವ ಅಭ್ಯಾಸ ಆ ಮಹಾನುಭಾವನಿಗಿರಲಿಲ್ಲ.

ಅರ್ಧ ಗಂಟೆಯಲ್ಲಿ ಅವಳ ತುಟಿ ಊದಿತು, ಕುತ್ತಿಗೆಯ ತುಂಬ ದದ್ದು. ವೈದ್ಯರು ಸೂಜಿ ಚುಚ್ಚಿ, ಮೂರು ದಿನ ಅಭ್ಯಾಸ ಬೇಡ ಎಂದರು. ಮೂರು ದಿನ! ಅವಳಿಗೆ ಆಕಾಶವೇ ಕಳಚಿಬಿದ್ದಂತಾಯಿತು. ಚಮಚದ ನೆನಪು ಅವಳಿಗೆ ಬರಲೇ ಇಲ್ಲ. ನೆನಪಾದದ್ದು ಒಂದೇ, ಅವನ ಮಾತು ನಂಬಿದ್ದು.

ಅಲ್ಲಿಂದ ಸೀದಾ ಅಂಗಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ನಡುವೆ ಡಬ್ಬಿಯನ್ನು ಗಲ್ಲಾದ ಮೇಲೆ ಕುಕ್ಕಿದಳು.

"ಎಲ್ಲಾ ಓದಿದ್ದೀನಿ ಅಂತ ಮೂಗಿಗೆ ತುಪ್ಪ ಸವರಿದ್ರಿ. ನೋಡಿ ನನ್ನ ಮುಖ. ನಿಮ್ಮನ್ನ ನಂಬಿದ್ದೇ ನನ್ನ ತಪ್ಪು."

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಉಸಿರಾಡೋಕೆ ಕಷ್ಟ ಆಗ್ತಿದೆಯಾ? ಡಾಕ್ಟರ್ ಹತ್ರ ಹೋಗಿದ್ರಾ?"

ಅವನು ಕೇಳಿದ್ದು ಅಷ್ಟೇ. ತನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವಳು ಜಗಳವಾಡುತ್ತಿದ್ದಳು, ಜಗಳವಾಡಿದ್ದರೆ ಹಗುರಾಗುತ್ತಿದ್ದಳು. ಆಡದೆ ಇದ್ದದ್ದಕ್ಕೆ ದಾರಿಯುದ್ದಕ್ಕೂ ಅತ್ತಳು.

ಅವನು ಅಂದೇ ಆ ಪುಡಿಯ ಡಬ್ಬಿಗಳನ್ನೆಲ್ಲ ಕಪಾಟಿನಿಂದ ಇಳಿಸಿದ. ಎರಡು ದಿನ ಊಟ ಸೇರಲಿಲ್ಲ. ನನ್ನ ಕೈಯಾರೆ ಅವಳಿಗೆ ವಿಷ ಕೊಟ್ಟೆನೇ ಎಂಬ ಕೊರಗು. ಪರೀಕ್ಷೆಯ ಹಿಂದಿನ ದಿನ, ಪ್ರಯೋಗಾಲಯಕ್ಕೆ ಕಳಿಸಲೆಂದು ಅವಳು ಕುಕ್ಕಿ ಬಿಟ್ಟುಹೋದ ಡಬ್ಬಿಯನ್ನು ತಟ್ಟೆಗೆ ಸುರಿದಾಗ ತಳದಿಂದ ಚಮಚ ಜಾರಿ ಬಿತ್ತು. ಅದರ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ. ಹಾಗಾದರೆ ಅವಳು ಅಳೆದದ್ದು ಯಾತರಲ್ಲಿ? ಅವನಿಗೆ ಎಲ್ಲವೂ ಅರ್ಥವಾಯಿತು.

ಸಂಜೆ ಅವಳ ಮನೆಗೆ ಒಂದು ಪೊಟ್ಟಣ ಬಂತು. ಅಜ್ಜಿಯ ಕೈಗೆ ಕೊಟ್ಟು ಅವನು ಬಾಗಿಲಿನಿಂದಲೇ ಹಿಂತಿರುಗಿದ್ದ. ಒಳಗೆ ಆ ಚಮಚ, ಒಂದು ಚೀಟಿ.

'ಇದು ನಿಮ್ಮ ಡಬ್ಬಿಯ ತಳದಲ್ಲಿತ್ತು. ಬೇರೆಯವರ ಚಮಚ ಇನ್ನು ಮುಂದೆ ದಯವಿಟ್ಟು ಮುಟ್ಟಬೇಡಿ. ನಾಳೆ ಒಳ್ಳೆಯದಾಗಲಿ.'

ತಪ್ಪು ನಿಮ್ಮದು ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಅವಳು ಚೀಟಿ ಹಿಡಿದು ಕುಸಿದು ಕೂತಳು. 'ನಾಲ್ಕು ಜನರ ಮುಂದೆ ಏನೆಲ್ಲ ಅಂದೆ... ಇನ್ನು ಯಾವ ಮುಖ ಇಟ್ಟುಕೊಂಡು ಬನ್ನಿ ಅನ್ನಲಿ?' ಫೋನ್ ಕೈಗೆತ್ತಿಕೊಂಡಳು, ಇಟ್ಟಳು, ಮತ್ತೆ ಎತ್ತಿಕೊಂಡಳು. ಕೊನೆಗೂ ಮಾಡಲಾಗಲಿಲ್ಲ.

ಮರುದಿನ ಬೆಳಗ್ಗೆ ಗೋಪುರದ ಬುಡದಲ್ಲಿ ಠಾಣಾಧಿಕಾರಿ ಪಟ್ಟಿ ಓದಿ, ನಿನ್ನ ಮನುಷ್ಯ ಎಲ್ಲಿ ಎಂದು ಕೇಳಿದರು. ಅವಳು ತಲೆ ತಗ್ಗಿಸಿದಳು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ನಾನೇ ಬರ್ತೀನಿ ಎಂದು ಮುಂದೆ ಬಂದರು. ತೂಕದ ಯಂತ್ರ ನಲವತ್ತೊಂದು ಕಿಲೋ ತೋರಿಸಿತು. ಅಧಿಕಾರಿ ನಗು ತಡೆದುಕೊಂಡು ತಲೆಯಾಡಿಸಿದರು.

ಅಷ್ಟರಲ್ಲಿ ಗೇಟಿನ ಕಡೆಯಿಂದ ಅವನು ಏದುಸಿರು ಬಿಡುತ್ತ ಬಂದು, ಯಾರನ್ನೂ ನೋಡದೆ ತೂಕದ ಯಂತ್ರದ ಮೇಲೆ ನಿಂತ. ಅರವತ್ತೆರಡು.

"ಬಂದ್ರಾ..." ಅವಳು ತಲೆಯೆತ್ತಿದಳು.

"ಬರ್ತೀನಿ ಅಂದಿದ್ದೆನಲ್ಲ."

ಮೇಲೆ ಹತ್ತುವಾಗ ಅವನು ಗೋಡೆಗೆ ಅಂಟಿಕೊಂಡೇ ಹತ್ತಿದ. ತುದಿ ತಲುಪಿದ ಮೇಲೂ ಗೋಡೆ ಬಿಡಲಿಲ್ಲ. ಹೆದರಿಕೆಯೇ ಎಂದು ಅವಳು ಕೇಳಿದಳು. ಏಣಿಯ ಮೂರನೇ ಮೆಟ್ಟಿಲು ದಾಟಿದವನಲ್ಲ, ಎತ್ತರವೆಂದರೆ ಜೀವ ಹೋಗುತ್ತದೆ ಎಂದು ಅವನು ಒಪ್ಪಿಕೊಂಡ.

"ಅಷ್ಟು ಹೆದರೋರು ಯಾಕೆ ಬಂದ್ರಿ? ಅಷ್ಟೆಲ್ಲ ಅಂದೆ ನಿಮ್ಮನ್ನ."

"ನೀವು ಹೊತ್ಕೊಳ್ತೀರಲ್ಲ, ಅದಕ್ಕೆ."

ಅವಳಿಗೆ ಕಣ್ಣು ಮಂಜಾಯಿತು. ತಪ್ಪು ನನ್ನದು ಎಂದಳು. ಎಲ್ಲರೆದುರು ಬೈದದ್ದಕ್ಕೆ ಕೆಳಗಿಳಿದ ಮೇಲೆ ಎಲ್ಲರೆದುರೇ ಕ್ಷಮೆ ಕೇಳುವೆನೆಂದಳು. ಅವನು ಉತ್ತರಿಸುವ ಮೊದಲೇ ಸೀಟಿ ಮೊಳಗಿತು. ಬಗ್ಗಿ, ಅವನನ್ನು ಹೆಗಲ ಮೇಲೆ ಎಳೆದುಕೊಂಡು ಎದ್ದಳು.

ನಾಲ್ಕನೇ ಮಹಡಿ ದಾಟಿತು, ಮೂರನೆಯದೂ ದಾಟಿತು. ಅವನ ಹೃದಯ ಅವಳ ಬೆನ್ನಿಗೆ ದಬದಬ ಬಡಿಯುತ್ತಿತ್ತು. ಎರಡನೇ ಮಹಡಿ ಹತ್ತಿರವಾದಂತೆ ಅವಳ ಕಾಲಿಗೆ ಹಳೆಯ ಸೋಲು ನೆನಪಾಗತೊಡಗಿತು.

"ಏನಾದ್ರೂ ಹೇಳ್ತಾ ಇರಿ," ಎಂದಳು ಹಲ್ಲು ಕಚ್ಚಿ.

ತಲೆಕೆಳಗಾಗಿ ನೇತಾಡುವವನಿಗೆ ಏನು ನೆನಪಾದೀತು? ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಬಾಯಿಪಾಠವಾಗಿದ್ದ ಆ ಡಬ್ಬಿಯ ಪಟ್ಟಿಯನ್ನೇ ಒಪ್ಪಿಸಿದ.

"ಬಟಾಣಿ ಪ್ರೋಟೀನ್, ಅಕ್ಕಿ ಪ್ರೋಟೀನ್, ಕೋಕೋ ಪುಡಿ, ಚಿಟಿಕೆ ಉಪ್ಪು. ಹಾಲಿಲ್ಲ, ಸೋಯಾ ಇಲ್ಲ, ಸಕ್ಕರೆ ಇಲ್ಲ." ಅವನು ಅವಳ ಸಮವಸ್ತ್ರವನ್ನು ಬಿಗಿಯಾಗಿ ಹಿಡಿದುಕೊಂಡ. "ಪ್ರೀತಿ ಇದೆ. ಅದನ್ನ ಅವರು ಬರೆದಿಲ್ಲ, ನಾನು ಹೇಳ್ತಿದ್ದೀನಿ."

ಅವಳ ಕಾಲು ನಿಂತುಬಿಟ್ಟಿತು.

"ಇದನ್ನ ಈಗಲೇ ಹೇಳ್ಬೇಕಿತ್ತಾ?"

"ಕೆಳಗಿಳಿದ ಮೇಲೆ ಧೈರ್ಯ ಬರಲ್ಲ."

ಅವಳಿಗೆ ನಗು ಉಕ್ಕಿ ಬಂತು. ಈ ಸಲ ಅದನ್ನು ತಡೆಯಲಿಲ್ಲ. ನಗುತ್ತಲೇ ಎರಡನೇ ಮಹಡಿ ಇಳಿದಳು, ನಗುತ್ತಲೇ ಮೊದಲನೆಯದನ್ನು. ಮೊಣಕಾಲು ಎಂಬುದೊಂದು ಇದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು. ನೆಲ ಮುಟ್ಟಿದಾಗ ಗಡಿಯಾರ ಒಂದು ನಿಮಿಷ ಐವತ್ತೊಂದು ಸೆಕೆಂಡ್ ತೋರಿಸಿತು.

ಅಂಗಳ ಚಪ್ಪಾಳೆಯಿಂದ ತುಂಬಿತು. ಅಜ್ಜಿ ಅಧಿಕಾರಿಯನ್ನೇ ತಬ್ಬಿಕೊಂಡರು. ಅವಳು ಮಾತ್ರ ಹೊತ್ತವನನ್ನು ಇಳಿಸದೆ, ಎಲ್ಲರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು. ಇವರ ಅಂಗಡಿಯಲ್ಲಿ ನಿಂತು ಇವರನ್ನು ಮೋಸಗಾರ ಎಂಬಂತೆ ಬೈದಿದ್ದೆ, ಇವರದು ಏನೂ ತಪ್ಪಿರಲಿಲ್ಲ, ತಪ್ಪೆಲ್ಲ ನನ್ನ ಆತುರದ್ದು, ಕ್ಷಮಿಸಬೇಕು. ಡ್ರೈವರಣ್ಣ ಮೆಲ್ಲಗೆ ಹಿಂದಿನ ಸಾಲಿಗೆ ಸರಿದುಕೊಂಡ.

"ಈಗ ಇಳಿಸ್ತೀರಾ? ಎಲ್ಲರೂ ನೋಡ್ತಿದ್ದಾರೆ," ಎಂದ ಅವನು ಅವಳ ಬೆನ್ನ ಹಿಂದಿನಿಂದ.

"ಉತ್ತರ ಬೇಡವಾ ನಿಮಗೆ?"

"ಬೇಕು."

ಯಾರ ಮುಂದೆಯೂ ಮಾತು ನುಂಗದ ಹುಡುಗಿ ಮೊದಲ ಸಲ ಮಾತು ಹುಡುಕಿದಳು.

"ನನಗೂ ನೀವಂದ್ರೆ ತುಂಬಾ ಇಷ್ಟ. ಮುಖ ನೋಡಿ ಹೇಳೋಕೆ ನಾಚಿಕೆ ಆಗುತ್ತೆ. ಅದಕ್ಕೆ ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಇರಿ."

"ಭಾರ ಆಗಲ್ವಾ?"

"ಇಲ್ಲ," ಎಂದಳು ಅವಳು, ಅವನನ್ನು ಇನ್ನಷ್ಟು ಭದ್ರವಾಗಿ ಹಿಡಿದುಕೊಂಡು.