ಕನಕಲಕ್ಷ್ಮಿಯ ಬಾಡದ ಹೂ

ಹೆಣವನ್ನು ಮೊದಲು ಕಂಡವಳು ಪಕ್ಕದ ಮನೆಯ ಸುಲ್ತಾನ್ ಬೀ. ಬೆಳಿಗ್ಗೆ ಹಿತ್ತಲ ಕಡೆಯಿಂದ ಎರಡು ಸಲ "ಕನಕಮ್ಮಾ" ಎಂದು ಕೂಗಿದಳು. ಉತ್ತರವಿಲ್ಲ. ಬೇಲಿಯ ಸಂದಿಯಲ್ಲಿ ನುಸುಳಿ ಬಂದು ಹಳೆಯ ಕೊಟ್ಟಿಗೆಯ ಬಾಗಿಲು ತಳ್ಳಿದಳು. ಒಳಗೆ ಹಗ್ಗದ ಉದ್ದಕ್ಕೂ ಹೂವಿನ ಕಟ್ಟುಗಳು ತಲೆಕೆಳಗಾಗಿ ತೂಗುತ್ತಿದ್ದವು. ಅವುಗಳ ನಡುವೆ ಕನಕಲಕ್ಷ್ಮಿಯೂ ತೂಗುತ್ತಿದ್ದಳು.

ಅದು 1944ರ ಫೆಬ್ರವರಿ. ಮಳವಳ್ಳಿಗೆ ವರ್ಗವಾಗಿ ಬಂದಿದ್ದ ಸಬ್ ಇನ್ಸ್‌ಪೆಕ್ಟರ್ ಮೆಹಬೂಬ್ ಪಾಷಾ ಬಂದಾಗ ಹಿತ್ತಲಲ್ಲಿ ಅರ್ಧ ಬೀದಿಯೇ ನೆರೆದಿತ್ತು.

"ನೇಣಾಕ್ಕೊಂಡವ್ರೆ ಸ್ವಾಮಿ. ನೋಡಾಕೆ ಇನ್ನೇನದೆ?" ಎಂದ ದಫೇದಾರ್ ಪುಟ್ಟಮಾದಯ್ಯ.

ಪಾಷಾ ಕನಕಲಕ್ಷ್ಮಿಯ ಹತ್ತಿರ ಹೋಗಿ ನೋಡಿದರು. ಒಗೆದು ಮಡಿಸಿಟ್ಟ ಸೀರೆ ಉಟ್ಟಿದ್ದಳು. ತಲೆ ಬಾಚಿತ್ತು. ಕೂದಲಿನಿಂದ ಸಾಂಬ್ರಾಣಿ ವಾಸನೆ ಬರುತ್ತಿತ್ತು. ಎರಡೂ ಅಂಗೈ ತರಚಿ ಹೋಗಿದ್ದವು. ಉಗುರಿನ ಸಂದಿಯಲ್ಲಿ ಕಂದು ಬಣ್ಣದ ನಾರು.

"ಕೊನೇ ಗಳಿಗೇಲಿ ಜೀವದಾಸೆ ಬಂದು ಹಗ್ಗ ಹಿಡ್ಕಂಡವ್ರೆ," ಎಂದ ಪುಟ್ಟಮಾದಯ್ಯ.

ಕುತ್ತಿಗೆಗಿದ್ದದ್ದು ಬಿಳಿಯ ನೂಲಿನ ಹಗ್ಗ. ಪಾಷಾ ಅದನ್ನು ಮುಟ್ಟಿ ನೋಡಿದರು.

ಹೆಣ ಇಳಿಸುವಾಗ ಜಡೆಯ ಬುಡದಿಂದ ಒಂದು ಹೂ ಜಾರಿ ಬಿತ್ತು. ಹಳದಿ ಹೂ. ಬೆಳ್ಳುಳ್ಳಿ ಗಡ್ಡೆಯ ಹಾಗೆ ಬಿಗಿದು ಮುಚ್ಚಿಕೊಂಡಿತ್ತು. ಪಾಷಾ ಅದನ್ನು ಎತ್ತಿ, ಬಿಸಿಲಿಗಿದ್ದ ಒಗೆಯುವ ಕಲ್ಲಿನ ಮೇಲಿಟ್ಟರು. ಆಮೇಲೆ ಪಂಚನಾಮೆಯ ಗಡಿಬಿಡಿಯಲ್ಲಿ ಮರೆತರು.

\* \* \*

ಮನೆಯ ಯಜಮಾನ ವೆಂಕಟೇಶಮೂರ್ತಿ, ಶಾಲೆಯ ಹೆಡ್‌ಮಾಸ್ಟರು. ಸತ್ತವಳು ಅವರ ತಮ್ಮ ಕಸ್ತೂರಿರಂಗನ ಹೆಂಡತಿ. ತಮ್ಮನಿಗೆ ಮಂಡ್ಯದಲ್ಲಿ ಗುಮಾಸ್ತೆ ಕೆಲಸ. ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ಮನೆಯಲ್ಲಿ ಉಳಿಯುತ್ತಿದ್ದವರು ಹೆಡ್‌ಮಾಸ್ಟರು, ತಾಯಿ ಪಂಕಜಮ್ಮ ಮತ್ತು ಕನಕಲಕ್ಷ್ಮಿ. ಹೆಡ್‌ಮಾಸ್ಟರ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು.

"ಮಗಳ ಹಾಗೆ ನೋಡಿಕೊಂಡಿದ್ದೆ," ಎಂದು ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡರು. "ಹೇಳೋಕೆ ನಾಚಿಕೆ ಆಗತ್ತೆ. ಪೇಟೆಯ ಆ ಪಟದಂಗಡಿ ಜಹಾಂಗೀರ್ ಹೂವಿನ ನೆಪದಲ್ಲಿ ಬಂದು ಹೋಗ್ತಿದ್ದ. ನಿನ್ನೆ ಸಂಜೆಯೂ ಹಿತ್ತಲ ಬಾಗಿಲಲ್ಲಿ ಕಂಡೆ. ಗದರಿ ಕಳಿಸಿದೆ. ಅವಮಾನ ತಾಳಲಾರದೆ ಹುಡುಗಿ ಹೀಗೆ ಮಾಡಿಕೊಂಡಳು."

ಪಂಕಜಮ್ಮ ಗೋಡೆಗೆ ಒರಗಿ, ಬಾಯಿಗೆ ಸೆರಗು ಅಡ್ಡ ಹಿಡಿದು ಕೂತಿದ್ದರು. ಮಗನ ಮಾತಿಗೆ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ.

ಮಾತು ಹಿತ್ತಲಿಂದ ಬೀದಿಗೆ ಹೋಯಿತು. ಬೀದಿಯಿಂದ ಪೇಟೆಗೆ ಹೋಯಿತು. ಒಂದು ಗಂಟೆಯೊಳಗೆ ಜಹಾಂಗೀರನ ಅಂಗಡಿಯ ಗಾಜುಗಳು ಪುಡಿಯಾದವು.

"ಅವನ್ನ ಇಡ್ದು ಒಳಿಕ್ಕಾಕಿ ಸ್ವಾಮಿ," ಎಂದು ಪುಟ್ಟಮಾದಯ್ಯ ದನಿ ತಗ್ಗಿಸಿದ. "ಇಲ್ದಿದ್ರೆ ನಿಮ್ಮೋರು ಅಂತ ಬುಟ್ಬುಟ್ರಿ ಅಂತಾರೆ ಜನ."

ಆ ಮಾತು ಪಾಷಾಗೆ ಚುಚ್ಚಿತು. ಜಹಾಂಗೀರನನ್ನು ಹಿಡಿದು ತರಿಸಿದರು. ಜನರಿಂದ ಅವನನ್ನು ಉಳಿಸಲು ಹಾಗೆ ಮಾಡಿದೆನೋ, ಜನರಿಂದ ತನ್ನನ್ನು ಉಳಿಸಿಕೊಳ್ಳಲೋ, ಅವರಿಗೇ ಸ್ಪಷ್ಟವಾಗಲಿಲ್ಲ.

\* \* \*

ಜಹಾಂಗೀರನ ಹಣೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಆ ಮನೆಗೆ ಯಾಕೆ ಹೋಗ್ತಿದ್ದೆ?"

"ಹೂ ತರೋಕೆ ಸಾಹೇಬ್. ಯುದ್ಧಕ್ಕೆ ಹೋಗಿ ಸತ್ತ ಹುಡುಗರ ಪಟಕ್ಕೆ ಗಾಜಿನೊಳಗೆ ಇಡ್ತೀನಿ. ಅದು ಬಾಡಲ್ಲ. ಈ ಸೀಮೇಲಿ ಅವರೊಬ್ಬರೇ ಬೆಳೆಯೋದು. ಮುಂಬಾಗಿಲಿಗೇ ಹೋಗ್ತಿದ್ದೆ, ಪಂಕಜಮ್ಮನವರು ಮನೇಲಿದ್ದಾಗ."

"ನಿನ್ನೆ ಸಂಜೆ?"

"ಮದ್ದೂರಲ್ಲಿದ್ದೆ, ಗಾಜು ತರೋಕೆ."

"ಸಾಕ್ಷಿ ಯಾರು?"

"ಗಾಜಿನ ಸಾಹುಕಾರ್ರನ್ನ ಕೇಳಿ."

ಮದ್ದೂರಿಗೆ ಆಳು ಹೋಗಿ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಹೆಣವನ್ನು ಅಷ್ಟು ಹೊತ್ತು ಇಟ್ಟುಕೊಳ್ಳಲು ಹೆಡ್‌ಮಾಸ್ಟರು ಒಪ್ಪುತ್ತಿರಲಿಲ್ಲ. ತಮ್ಮ ಬಂದ ಕೂಡಲೇ ಸಂಸ್ಕಾರ ಎಂದು ಆಗಲೇ ಚಟ್ಟ ಕಟ್ಟಿಸುತ್ತಿದ್ದರು.

ಪಾಷಾ ಸುಲ್ತಾನ್ ಬೀಯನ್ನು ಕರೆದು ಕೂರಿಸಿದರು.

"ಕಡೇ ಸಲ ಯಾವಾಗ ನೋಡಿದೆ ತಾಯಿ?"

"ನಿನ್ನೆ ಮದ್ಯಾನ ಸಾಹೇಬ್ರೆ. ಹೂ ಕುಯ್ತಾ ಇದ್ರು. ತಲೆಯೆಲ್ಲ ಧೂಳು. 'ಸುಕ್ರವಾರ ಎಣ್ಣೆ ಹಚ್ಚಿ ಎರ್ಕೋತೀನಿ ಸುಲ್ತಾನಮ್ಮ' ಅಂದ್ರು. ಸಾಯೋರು ಅಂಗಂತಾರಾ?"

"ತಲೇಲಿ ಹೂ ಇತ್ತಾ?"

"ಇತ್ತು. ಅರಿಶಿನದ ಬಣ್ಣದ್ದು. ಇಷ್ಟಗಲ ಅರಳ್ಕಂಡಿತ್ತು." ಅಂಗೈ ಅಗಲಿಸಿ ತೋರಿಸಿದಳು. "ದೀಪ ಹಚ್ಚೋ ಹೊತ್ನಲ್ಲಿ ಬಾವಿ ರಾಟೆ ಸದ್ದು ಕೇಳಿಸ್ತು. ಬಾಳ ಜೋರು. ನೀರು ಸೇದ್ತಾವ್ರೆ ಅಂದ್ಕಂಡೆ."

ಅರಳಿದ್ದ ಹೂ. ಪಾಷಾಗೆ ಕಲ್ಲಿನ ಮೇಲಿಟ್ಟದ್ದು ನೆನಪಾಯಿತು.

\* \* \*

ಹೂ ಕಲ್ಲಿನ ಮೇಲೆಯೇ ಇತ್ತು. ಆದರೆ ಬೆಳಿಗ್ಗೆ ಮುಚ್ಚಿಕೊಂಡಿದ್ದದ್ದು ಈಗ ಪೂರ್ತಿ ಬಿಚ್ಚಿಕೊಂಡಿತ್ತು. ಗಿಡದಿಂದ ಕಿತ್ತ ಹೂ, ಸತ್ತವಳ ತಲೆಯಿಂದ ಬಿದ್ದ ಹೂ, ಬಿಸಿಲಿಗೆ ಅರಳಿತ್ತು.

ಪಾಷಾ ಸುತ್ತ ನೋಡಿದರು. ಕನಕಲಕ್ಷ್ಮಿಯ ಹೂವಿನ ಮಡಿಗಳು ನೆಲದಿಂದ ಗೇಣೆತ್ತರ ಎದ್ದಿದ್ದವು. ಮಣ್ಣಿಗೆ ಮರಳು ಬೆರೆಸಿದ್ದಳು. ನೀರು ನಿಲ್ಲದಂತೆ ಸುತ್ತ ಕಾಲುವೆ ತೆಗೆದಿದ್ದಳು. ನೀರನ್ನು ಕಂಡರಾಗದ ಗಿಡ ಎಂದು ಆ ಮಡಿಗಳೇ ಹೇಳುತ್ತಿದ್ದವು. ನೆರಳಲ್ಲಿ ನೀರು ಬಿದ್ದ ಕಡೆಯ ಹೂಗಳು ಮಾತ್ರ ಮುಚ್ಚಿಕೊಂಡಿದ್ದವು.

ಕೊಟ್ಟಿಗೆಗೆ ಹೋದರು. ಹಗ್ಗದ ಮೇಲಿನ ಒಣಹೂಗಳೆಲ್ಲ ಅರಳಿಯೇ ಇದ್ದವು. ಒಂದನ್ನು ಕಿತ್ತು ಬಾವಿಕಟ್ಟೆಯ ಬಿಂದಿಗೆಯಲ್ಲಿ ಮುಳುಗಿಸಿ ಹೊರಗಿಟ್ಟು, ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದರು. ಮೊದಲ ಬೀಡಿ ಮುಗಿಯುವಾಗ ಎಸಳುಗಳು ಒಳಗೆ ಬಾಗಿದವು. ಎರಡನೆಯದು ಮುಗಿಯುವ ಹೊತ್ತಿಗೆ ಹೂ ಬಿಗಿದು ಗಡ್ಡೆಯಾಯಿತು.

ಕಣ್ಣೆದುರೇ ರಾಟೆಯಿಂದ ಇಳಿಬಿದ್ದ ಬಾವಿ ಹಗ್ಗ ಇತ್ತು. ತೆಂಗಿನ ನಾರಿನದು. ಕಂದು ಬಣ್ಣ.

ಪಾಷಾ ಬೀಡಿ ಎಸೆದು ಎದ್ದರು.

"ಪುಟ್ಟಮಾದಯ್ಯ, ಹೆಣ ಎತ್ತಬಾರದು ಅಂತ ಹೇಳು. ಡಾಕ್ಟರನ್ನ ಕರೆಸು. ಆಮೇಲೆ ಬಚ್ಚಲುಮನೆ, ಅಟ್ಟ, ಹಂಡೆ ಒಂದನ್ನೂ ಬಿಡದೆ ಹುಡುಕು. ಒದ್ದೆ ಸೀರೆ ಸಿಗಬೇಕು."

\* \* \*

ಮಂಡ್ಯದ ಬಸ್ಸಿನಲ್ಲಿ ಬಂದ ಕಸ್ತೂರಿರಂಗ ಹೆಂಡತಿಯ ತಲೆಯ ಹತ್ತಿರ ಕುಕ್ಕರಿಸಿದ್ದ. ಸಂಸ್ಕಾರ ತಡೆದದ್ದಕ್ಕೆ ಹೆಡ್‌ಮಾಸ್ಟರು ಕೆಂಡವಾಗಿದ್ದರು.

"ನಿಮ್ಮ ಜಾತಿಯವನನ್ನ ಉಳಿಸೋಕೆ ನಮ್ಮ ಮನೆ ಹೆಣ ಕೊಯ್ಯಿಸ್ತೀರಾ?"

ಪಾಷಾ ದನಿ ಏರಿಸಲಿಲ್ಲ. "ಸಾಂಬ್ರಾಣಿ ಹಾಕಿದ್ದು ಯಾರು ಸ್ವಾಮಿ?"

"ಅವಳೇ. ಸಾಯೋಕೆ ಮುಂಚೆ ಮಡಿಯಾಗಬೇಕು ಅನ್ನಿಸಿರಬೇಕು."

"ಇರಬಹುದು. ತಲೆ ಒಣಗಿಸಿಕೊಂಡು, ಕೊಟ್ಟಿಗೆ ತುಂಬ ಒಣಹೂ ಇರುವಾಗ, ಒದ್ದೆ ಹೂ ಯಾಕೆ ಮುಡಿದರು? ಈ ಹೂ ಒಣಗಿದರೆ ಅರಳತ್ತೆ, ನೆಂದರೆ ಮುಚ್ಚಿಕೊಳ್ಳತ್ತೆ. ನಿನ್ನೆ ಮಧ್ಯಾಹ್ನ ಅವರ ತಲೆಯಲ್ಲಿ ಅರಳಿತ್ತು. ಹೆಣದ ತಲೆಯಲ್ಲಿ ಮುಚ್ಚಿತ್ತು. ನಡುವೆ ಆ ಹೂ ನೀರಿಗೆ ಬಿದ್ದಿದೆ. ಮಳೆ ಬಂದಿಲ್ಲ. ಇರೋದು ಬಾವಿ ಒಂದೇ. ಅವರ ಉಗುರಲ್ಲಿರೋದು ತೆಂಗಿನ ನಾರು. ನೇಣಿನ ಹಗ್ಗ ನೂಲಿಂದು. ಅವರು ಹಿಡಿದು ಜೋತಾಡಿದ್ದು ಬಾವಿ ಹಗ್ಗವನ್ನ."

ಪಾಷಾ ಹೆಡ್‌ಮಾಸ್ಟರ ಕಡೆ ಒಂದು ಹೆಜ್ಜೆ ಇಟ್ಟರು.

"ಹೊರಗಿನವನು ಕೊಂದಿದ್ದರೆ ಬಾವಿಯಲ್ಲೇ ಬಿಟ್ಟು ಓಡ್ತಿದ್ದ. ಮೇಲೆತ್ತಿ, ಸೀರೆ ಉಡಿಸಿ, ತಲೆ ಒಣಗಿಸಿ, ತೊಲೆಗೆ ಕಟ್ಟೋಕೆ ಮನೆಯವರೇ ಆಗಬೇಕು. ಸೀರೆಯ ನೆರಿಗೆ ಹೆಂಗಸಿನ ಕೈಯದು. ತೊಲೆಗೆ ಎತ್ತಿದ್ದು ಗಂಡಸಿನ ತೋಳು. ನಿನ್ನೆ ಈ ಮನೆಯಲ್ಲಿದ್ದವರು ಇಬ್ಬರೇ."

ಪುಟ್ಟಮಾದಯ್ಯ ಬಚ್ಚಲಿಂದ ಬಂದ. ಕೈಯಲ್ಲಿ ನೀರು ಸೋರುವ ನೀಲಿ ಸೀರೆ. "ಹಂಡೆ ಹಿಂದ್ಗಡೆ ಸೌದೆ ಅಡೀಲಿತ್ತು ಸ್ವಾಮಿ," ಎಂದ. ಬೆಳಗಿನ ಗತ್ತು ಅವನ ದನಿಯಲ್ಲಿ ಇರಲಿಲ್ಲ.

ಕಸ್ತೂರಿರಂಗ ಆ ಸೀರೆಯನ್ನು ನೋಡಿದ. ಆಮೇಲೆ ತಾಯಿಯನ್ನು ನೋಡಿದ.

"ಅಮ್ಮಾ?"

ಪಂಕಜಮ್ಮನ ಬಾಯಿಂದ ಸೆರಗು ಜಾರಿತು.

"ದೇವಸ್ಥಾನದಿಂದ ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು ಕಣೋ ರಂಗ. ಬಾವಿಗೆ ಬಿದ್ದ ಬಿಂದಿಗೆ ಎತ್ತೋ ಪಾತಾಳಗರಡಿ ಇಳಿಸಿ ಇವನು ಅವಳನ್ನ ಎತ್ತುತಾ ಇದ್ದ. ಹೋದವಳು ಹೋದಳು, ಇವನೊಬ್ಬ ಉಳಿಯಲಿ ಅಂತ..."

"ಬಾಯ್ಮುಚ್ಚು ಅಮ್ಮಾ!" ಎಂದು ಹೆಡ್‌ಮಾಸ್ಟರು ಅರಚಿದರು.

"ಹೂ ಯಾಕೆ ಮುಡಿಸಿದಿರಿ ತಾಯಿ?" ಎಂದು ಪಾಷಾ ಮೆಲ್ಲಗೆ ಕೇಳಿದರು.

"ನೀರಲ್ಲಿ ತೇಲ್ತಾ ಇತ್ತು. ಬೇರೆ ಹೂವಿಗೆ ಕೊಟ್ಟಿಗೆಗೆ ಹೋಗೋಕೆ ಧೈರ್ಯ ಬರಲಿಲ್ಲ. ಮುತ್ತೈದೆ ಕಣಪ್ಪಾ ಅವಳು. ಬರೀ ತಲೇಲಿ ಹೇಗೆ ಕಳಿಸಲಿ?"

ಹೆಡ್‌ಮಾಸ್ಟರು ಜಗುಲಿಯ ಕಂಬಕ್ಕೆ ಒರಗಿ ಕೂತರು. ಯಾರ ಮುಖವನ್ನೂ ನೋಡದೆ ಹೇಳಿದರು. ಬಾವಿಯ ಹತ್ತಿರ ಅವಳ ಕೈ ಹಿಡಿದದ್ದು ನಿಜ. ಅದು ಮೊದಲ ಸಲವೂ ಅಲ್ಲ. ಶನಿವಾರ ಗಂಡನಿಗೆ ಹೇಳುತ್ತೇನೆ ಎಂದಳು. ಕೂಗಬಾರದೆಂದು ಕತ್ತು ಒತ್ತಿದರು. ಕೊಸರಿಕೊಳ್ಳುವಾಗ ಬಾವಿಗೆ ಬಿದ್ದಳು. ಹಗ್ಗ ಹಿಡಿದು ತೇಲಿದಳು.

"ಆಮೇಲೆ?"

"ಹಗ್ಗ ಮೇಲಕ್ಕೆ ಎಳ್ಕೊಂಡೆ."

ಸುಲ್ತಾನ್ ಬೀ ಕೇಳಿದ ರಾಟೆಯ ಸದ್ದು ಅದು. ಕತ್ತಿನ ಮೇಲೆ ಬೆರಳಿನ ಗುರುತು ಉಳಿದಿತ್ತು. ಬಾವಿಗೆ ಬಿದ್ದವಳ ಕತ್ತಿನಲ್ಲಿ ಆ ಗುರುತೇಕೆ ಎಂದು ಯಾರಾದರೂ ಕೇಳುತ್ತಾರೆ. ಅದನ್ನು ಮುಚ್ಚಲು ನೇಣು ಬೇಕಾಯಿತು. ನೇಣಿಗೆ ಕಾರಣ ತೋರಿಸಲು ಜಹಾಂಗೀರ್ ಬೇಕಾದ.

ಮಧ್ಯಾಹ್ನದ ಮೇಲೆ ಡಾಕ್ಟರು ಕೈ ತೊಳೆಯುತ್ತ ಒಂದೇ ಮಾತು ಹೇಳಿದರು: "ಶ್ವಾಸಕೋಶದ ತುಂಬ ನೀರು."

\* \* \*

ಸಂಸ್ಕಾರ ಮುಗಿಸಿ ಕಸ್ತೂರಿರಂಗ ಮನೆಗೆ ಹೋಗಲಿಲ್ಲ. ನೇರವಾಗಿ ಠಾಣೆಗೆ ಬಂದು ಮೆಟ್ಟಿಲ ಮೇಲೆ ಕೂತ. ಪಾಷಾ ಲಾಕಪ್ಪಿನ ಬಾಗಿಲು ತೆಗೆದು ಜಹಾಂಗೀರನನ್ನು ತಾವೇ ಹೊರಗೆ ಕರೆತಂದರು. ತಪ್ಪಾಯಿತು ಎನ್ನಲು ಬಾಯಿ ತೆರೆದರು. ಅವನು ಬೇಡ ಎಂಬಂತೆ ಕೈ ಮಾಡಿದ.

ಕಸ್ತೂರಿರಂಗ ಎದ್ದು ನಿಂತ. ಇಬ್ಬರೂ ಒಬ್ಬರನ್ನೊಬ್ಬರು ಮೊದಲ ಸಲ ನೋಡುತ್ತಿದ್ದರು.

"ಅವಳು ನಿಮ್ಮ ಹತ್ತಿರ ಏನು ಮಾತಾಡ್ತಿದ್ಲು?"

ಜಹಾಂಗೀರ್ ತಡವರಿಸಿದ. "ಹೂವಿಂದೇ ಸ್ವಾಮಿ. ಹೋದ ಸಲ ಮಾತ್ರ, ಮಂಡ್ಯದ ಕಡೆ ಸಣ್ಣದೊಂದು ಬಾಡಿಗೆ ಮನೆ ಇದ್ರೆ ಹೇಳು ಅಂದ್ರು. ಹಿತ್ತಲು ಇಲ್ಲದಿದ್ರೂ ಪರವಾಗಿಲ್ಲ ಅಂದ್ರು."

"ನನಗೂ ಹೇಳಿದ್ಲು," ಎಂದ ಕಸ್ತೂರಿರಂಗ. "ಬಂದಾಗಲೆಲ್ಲ ಹೇಳ್ತಿದ್ಲು. ಅಷ್ಟು ಪ್ರೀತಿಯ ಹಿತ್ತಲು ಬಿಟ್ಟು ಯಾಕೆ ಬರ್ತೀನಿ ಅಂತಾಳೆ ಅಂತ ನಾನು ಒಂದು ಸಲವೂ ಕೇಳ್ಲಿಲ್ಲ."

ಅವನು ಮತ್ತೆ ಮೆಟ್ಟಿಲ ಮೇಲೆ ಕೂತ. ಜಹಾಂಗೀರ್ ಅವನ ಪಕ್ಕದಲ್ಲಿ ಕೂತ.